5,400 ಚುಕ್ಕಿಗಳಲ್ಲಿ ಒಂದು ಆಟದ ಹಣೆಬರಹ

ಅಗಲಕ್ಕೆ 120 ಚುಕ್ಕಿ, ಎತ್ತರಕ್ಕೆ 45. ಗುಣಿಸಿದರೆ 5,400. ಕಂಪ್ಯೂಟರ್ ಆಟಗಳನ್ನು ಮಾರುವ ಬಹುದೊಡ್ಡ ಅಂಗಡಿ ಸ್ಟೀಮ್. ಅಲ್ಲಿ ಒಂದು ಆಟದ ಅತಿ ಸಣ್ಣ ಚಿತ್ರಕ್ಕೆ ಪರದೆಯ ಮೇಲೆ ಸಿಗುವ ಜಾಗ ಇಷ್ಟೇ ಚುಕ್ಕಿ, ಅಂದರೆ ಪಿಕ್ಸೆಲ್. ಸಾಮಾನ್ಯ ಪರದೆಯ ಮೇಲೆ ಅಳೆದರೆ ಅಗಲ ಮೂರು ಸೆಂಟಿಮೀಟರಿಗಿಂತ ಚೂರು ಹೆಚ್ಚು, ಎತ್ತರ 1.2 ಸೆಂಟಿಮೀಟರು. ಆಟ ಕಟ್ಟಿದವರು ಮೂರು ವರ್ಷ ದುಡಿದಿರಲಿ, ಐದು ವರ್ಷ ದುಡಿದಿರಲಿ, ನೋಡುವವರ ಕಣ್ಣಿಗೆ ಮೊದಲು ಬೀಳುವುದು ಈ 5,400 ಚುಕ್ಕಿ. ಅದರ ಮೇಲೆ ಬೆರಳು ಒತ್ತಿದರೆ ಮುಂದಿನ ಮಾತು. ಇಲ್ಲದಿದ್ದರೆ ಆ ಮೂರು ವರ್ಷ, ಐದು ವರ್ಷ ಇದ್ದೂ ಇಲ್ಲದ ಹಾಗೆ.

ಕುಮಟಾ ತಾಲ್ಲೂಕಿನ ಸಂತೆಗುಳಿಯಲ್ಲಿ ಒಬ್ಬ ಹುಡುಗಿ ಮನೆಯಲ್ಲೇ ಕೂತು ಒಂದು ಆಟ ಕಟ್ಟುತ್ತಿದ್ದಾಳೆ ಎಂದುಕೊಳ್ಳೋಣ. ಇದು ಬರಿಯ ಕಲ್ಪನೆ, ಆದರೆ ಆಗದ ಮಾತೇನಲ್ಲ. ಸ್ಟೀಮ್‌ನಲ್ಲಿ ಒಂದು ಆಟ ಇಡಲು ಶುಲ್ಕ 100 ಡಾಲರ್. 2017ರ ಜೂನ್‌ನಿಂದ ಇದೇ ಪದ್ಧತಿ. ಮೊಬೈಲ್ ಆಟಗಳ ಅಂಗಡಿ ಗೂಗಲ್ ಪ್ಲೇಯಲ್ಲಿ ಖಾತೆ ತೆರೆಯಲು ಒಂದೇ ಸಲ 25 ಡಾಲರ್. ದೊಡ್ಡ ಕಂಪನಿ ಬೇಡ, ಬೆಂಗಳೂರಿನ ಬಾಡಿಗೆಯೂ ಬೇಡ. ಒಬ್ಬರೋ ನಾಲ್ಕು ಜನರೋ ಸೇರಿ ಸ್ವಂತ ಬಲದಲ್ಲಿ ಮಾಡುವ ಇಂಥ ಆಟಗಳಿಗೇ ಇಂಡೀ ಗೇಮ್ ಎಂಬ ಹೆಸರು. ಅಂಗಡಿಯ ಬಾಗಿಲು ಎಲ್ಲರಿಗೂ ತೆರೆದಿದೆ. ಬೆರಗು ಹುಟ್ಟಿಸುವುದು ಆ ಬಾಗಿಲಿನ ಒಳಗಿರುವ ಲೆಕ್ಕ.

ಅರ್ಧ ಗಂಟೆಗೊಂದು ಹೊಸ ಆಟ

ವಾಲ್ವ್ ಎಂಬ ಅಮೆರಿಕದ ಕಂಪನಿ ಸ್ಟೀಮ್ ಶುರು ಮಾಡಿದ್ದು 2003ರ ಸೆಪ್ಟೆಂಬರ್‌ನಲ್ಲಿ. ಹೊರಗಿನವರ ಮೊದಲ ಆಟ ಅಲ್ಲಿ ಮಾರಾಟಕ್ಕೆ ಬಂದದ್ದು 2005ರ ಅಕ್ಟೋಬರ್‌ನಲ್ಲಿ. ಆಗ ಅಂಗಡಿಯಲ್ಲಿದ್ದ ಆಟಗಳನ್ನು ಬೆರಳಲ್ಲೇ ಎಣಿಸಬಹುದಿತ್ತು. 2024 ಒಂದೇ ವರ್ಷದಲ್ಲಿ ಅಲ್ಲಿಗೆ ಬಂದ ಹೊಸ ಆಟಗಳು 18 ಸಾವಿರಕ್ಕೂ ಹೆಚ್ಚು. ದಿನಕ್ಕೆ ಸುಮಾರು 50. ಹಗಲು ರಾತ್ರಿ, ಭಾನುವಾರ ಹಬ್ಬ ಎನ್ನದೆ, ಅರ್ಧ ಗಂಟೆಗೊಂದು. ನೀವು ಕುಮಟಾದಿಂದ ಶಿರಸಿಗೆ ಘಟ್ಟ ಹತ್ತುವಷ್ಟರಲ್ಲಿ ಎರಡು ಮೂರು ಆಟ ಹೊಸದಾಗಿ ಸೇರಿರುತ್ತವೆ.

ಆ 18 ಸಾವಿರ ಆಟಗಳ ಚಿತ್ರವನ್ನು ಒಂದೊಂದು ಸೆಕೆಂಡು ಮಾತ್ರ ನೋಡುತ್ತ ಹೋದರೂ ಐದು ಗಂಟೆ ಬೇಕು. ಒಂದೊಂದರ ಪುಟ್ಟ ವಿವರಣೆ ಓದಲು 15 ಸೆಕೆಂಡು ಎಂದು ಹಿಡಿದರೆ 75 ಗಂಟೆ. ಒಂದೊಂದನ್ನು ಎರಡೇ ಗಂಟೆ ಆಡಿ ನೋಡುತ್ತೇನೆ ಎಂದು ಹೊರಟರೆ 36 ಸಾವಿರ ಗಂಟೆ, ಅಂದರೆ ನಿದ್ದೆ ಊಟ ಬಿಟ್ಟು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ. ಇದು ಒಂದು ವರ್ಷದ ಬೆಳೆ ಮಾತ್ರ. ಅಷ್ಟು ಹೊತ್ತಿಗೆ ಇನ್ನೂ ನಾಲ್ಕು ವರ್ಷದ ಆಟಗಳು ಬಂದು ಕೂತಿರುತ್ತವೆ. ಹಾಗಾಗಿ ಯಾರೂ ಎಲ್ಲವನ್ನೂ ನೋಡುವುದಿಲ್ಲ. ನೋಡಲು ಸಾಧ್ಯವೂ ಇಲ್ಲ.

ಕೊಳ್ಳುವವರ ಕಡೆಯಿಂದಲೂ ಎಣಿಸೋಣ. 2025ರ ಮಾರ್ಚ್‌ನಲ್ಲಿ ಸ್ಟೀಮ್‌ನೊಳಗೆ ಒಂದೇ ಗಳಿಗೆಯಲ್ಲಿ ಇದ್ದವರ ಸಂಖ್ಯೆ 4 ಕೋಟಿ ದಾಟಿತು. 2011ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಬೀದರಿನಿಂದ ಚಾಮರಾಜನಗರದವರೆಗೆ ಕನ್ನಡ ಆಡುವವರೆಲ್ಲ ಒಂದೇ ಹೊತ್ತಿಗೆ ಒಂದೇ ಅಂಗಡಿಗೆ ನುಗ್ಗಿದರೆ ಎಷ್ಟು ಜನವೋ ಹೆಚ್ಚುಕಡಿಮೆ ಅಷ್ಟು. ಅದೇ ಜನಗಣತಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14 ಲಕ್ಷ 37 ಸಾವಿರ. ಅಂಥ ಸುಮಾರು 28 ಜಿಲ್ಲೆಗಳ ಜನ ಒಂದೇ ಕ್ಷಣದಲ್ಲಿ ಅಲ್ಲಿರುತ್ತಾರೆ. ಸಂತೆಗುಳಿಯ ಹುಡುಗಿಯ ಆಟಕ್ಕೆ ಗಿರಾಕಿಗಳ ಬರ ಇಲ್ಲ. ಅವರ ಕಣ್ಣು ಅವಳ ಕಡೆ ತಿರುಗಬೇಕು, ಅಷ್ಟೇ. ಆ ಕೆಲಸ ಮಾಡಬೇಕಾದದ್ದು 5,400 ಚುಕ್ಕಿ ಮತ್ತು ಒಂದೆರಡು ಸಾಲು ಮಾತು.

13 ಪುಟದ ಒಂದು ಸಂಖ್ಯೆ

5,400 ಎಂದರೆ ಎಷ್ಟು ಸಣ್ಣದು? ಕೊಂಡ ಆಟಗಳನ್ನು ಜೋಡಿಸಿಡುವ ಸ್ಟೀಮ್‌ನ ಕಪಾಟಿನಲ್ಲಿ (ಲೈಬ್ರರಿಯಲ್ಲಿ) ಕಾಣಿಸುವ ಅದೇ ಆಟದ ನಿಲುವು ಚಿತ್ರ 600 ಅಗಲ, 900 ಎತ್ತರ. ಒಟ್ಟು 5 ಲಕ್ಷ 40 ಸಾವಿರ ಚುಕ್ಕಿ, ಅಂದರೆ ಸರಿಯಾಗಿ ನೂರು ಪಟ್ಟು. ಆ ಕಪಾಟಿನ ಮೇಲ್ಗಡೆ ಹರಡಿಕೊಳ್ಳುವ ಅಡ್ಡ ಚಿತ್ರ 3,840 ಅಗಲ, 1,240 ಎತ್ತರ. ಅಲ್ಲಿ 47 ಲಕ್ಷ 61 ಸಾವಿರ ಚುಕ್ಕಿ, ಸುಮಾರು 882 ಪಟ್ಟು. ಕೊಂಡಾದ ಮೇಲೆ ನೋಡುವ ಚಿತ್ರಕ್ಕೆ ಇಷ್ಟು ದೊಡ್ಡ ಗೋಡೆ. ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನ ಆಗುವ ಜಾಗದಲ್ಲಿ ಮೂರು ಸೆಂಟಿಮೀಟರು.

ಅಷ್ಟು ಸಣ್ಣ ಜಾಗದಲ್ಲಿ ಏನು ತಾನೆ ಬರೆಯಲು ಸಾಧ್ಯ ಎನಿಸುತ್ತದೆ. ಈಗ ಇನ್ನೊಂದು ಲೆಕ್ಕ ಹಾಕೋಣ. ಪರದೆಯ ಒಂದು ಚುಕ್ಕಿ 1 ಕೋಟಿ 67 ಲಕ್ಷ 77 ಸಾವಿರದ 216 ಬಣ್ಣಗಳಲ್ಲಿ ಯಾವುದನ್ನಾದರೂ ತಾಳಬಹುದು. ಅಂಥ 5,400 ಚುಕ್ಕಿ ಸೇರಿ ಎಷ್ಟು ಬೇರೆ ಬೇರೆ ಚಿತ್ರ ಆಗಬಹುದು? ಉತ್ತರ 39 ಸಾವಿರಕ್ಕೂ ಹೆಚ್ಚು ಅಂಕಿಗಳ ಒಂದು ಸಂಖ್ಯೆ. ಪುಟಕ್ಕೆ 3 ಸಾವಿರ ಅಂಕಿಯಂತೆ ಅಚ್ಚು ಹಾಕಿದರೆ ಆ ಒಂದೇ ಸಂಖ್ಯೆಗೆ 13 ಪುಟ ಬೇಕು. ನಮಗೆ ಕಾಣುವ ವಿಶ್ವದಲ್ಲಿರುವ ಪರಮಾಣುಗಳ ಅಂದಾಜು ಸಂಖ್ಯೆಯಾದರೋ ಸುಮಾರು 80 ಅಂಕಿಗಳದ್ದು, ಎರಡು ಸಾಲಿನಲ್ಲಿ ಮುಗಿಯುತ್ತದೆ. ಬಣ್ಣವೇ ಬೇಡ, ಕಪ್ಪು ಬಿಳುಪು ಎರಡೇ ಸಾಕು ಎಂದರೂ 1,626 ಅಂಕಿಗಳ ಸಂಖ್ಯೆಯಷ್ಟು ಚಿತ್ರಗಳು ಸಾಧ್ಯ.

ಆದ್ದರಿಂದ ಜಾಗ ಸಾಲದು ಎಂಬ ದೂರು ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಜಾಗ ಬೇಕಾದಷ್ಟಿದೆ. ಎಣಿಕೆಗೆ ಸಿಗದಷ್ಟು ಚಿತ್ರಗಳ ನಡುವೆ ಸರಿಯಾದ ಒಂದನ್ನು ಆರಿಸುವುದೇ ಕಷ್ಟ.

ಕಣ್ಣಿನ ವೇಗ

ಆ ಒಂದನ್ನು ನೋಡುವ ಕಣ್ಣಿಗೆ ಎಷ್ಟು ಹೊತ್ತು ಬೇಕು? ಫ್ರಾನ್ಸಿನ ಸೈಮನ್ ಥಾರ್ಪ್ ಮತ್ತು ಸಂಗಡಿಗರು 1996ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಹಿಂದೆಂದೂ ಕಾಣದ ಫೋಟೋವೊಂದನ್ನು ಅವರು ಸೆಕೆಂಡಿನ 50ನೇ ಒಂದು ಪಾಲಿನಷ್ಟು ಹೊತ್ತು ತೋರಿಸಿ, ಇದರಲ್ಲಿ ಪ್ರಾಣಿ ಇದೆಯೇ ಎಂದು ಕೇಳಿದರು. ಮಿದುಳು ಇದೆ, ಇಲ್ಲ ಎಂದು ವಿಂಗಡಿಸಲು ತೆಗೆದುಕೊಂಡದ್ದು ಸುಮಾರು 150 ಮಿಲಿಸೆಕೆಂಡು. ಒಂದು ಸೆಕೆಂಡಿನ ಏಳನೇ ಒಂದು ಪಾಲು. ಕೆನಡಾದ ಗಿಟ್ಟೆ ಲಿಂಡ್‌ಗಾರ್ಡ್ ತಂಡ 2006ರಲ್ಲಿ ಇನ್ನೊಂದು ಸಂಗತಿ ತೋರಿಸಿತು. ಒಂದು ಜಾಲತಾಣದ ಪುಟ ಚೆನ್ನಾಗಿದೆಯೋ ಇಲ್ಲವೋ ಎಂಬ ಅಭಿಪ್ರಾಯ 50 ಮಿಲಿಸೆಕೆಂಡಿನೊಳಗೆ ಮೂಡಿಬಿಡಬಲ್ಲದು.

ನೋಟದ ಅಳತೆಯೂ ಕಿರಿದು. ನಮ್ಮ ಕಣ್ಣು ತೀರ ಸ್ಪಷ್ಟವಾಗಿ ಕಾಣುವುದು ನಟ್ಟನಡುವಿನ ಸುಮಾರು 2 ಡಿಗ್ರಿಯಷ್ಟು ಭಾಗವನ್ನು ಮಾತ್ರ. ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಉಗುರಿನಗಲ ಎಷ್ಟೋ ಅಷ್ಟೇ. ಉಳಿದದ್ದೆಲ್ಲ ಮಸುಕು. ಅಂಗಡಿಯ ಪುಟದಲ್ಲಿ ಹತ್ತಾರು ಚಿತ್ರ ಸಾಲಾಗಿ ನಿಂತಿರುವಾಗ ನಮ್ಮ ಆಟ ಮೊದಲು ಆ ಮಸುಕಿನ ಭಾಗದಲ್ಲಿಯೇ ಇರುತ್ತದೆ. ಮಸುಕಿನಲ್ಲಿದ್ದೂ ಕಣ್ಣನ್ನು ತನ್ನ ಕಡೆ ಎಳೆದುಕೊಳ್ಳಬೇಕು. ಸಣ್ಣ ಗೆರೆ, ನಾಜೂಕಿನ ನೆರಳು, ಚಂದದ ಹಿನ್ನೆಲೆ ಯಾವುದೂ ಅಲ್ಲಿ ನೆರವಿಗೆ ಬಾರದು. ಒಂದು ದೊಡ್ಡ ಆಕಾರ, ಒಂದು ಗಟ್ಟಿ ಬಣ್ಣಭೇದ, ಇವೆರಡೇ ದಕ್ಕುವುದು.

ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಹೊನ್ನಾವರ, ಕುಮಟಾ, ಭಟ್ಕಳದ ಗದ್ದೆ ಬಯಲುಗಳಲ್ಲಿ ಯಕ್ಷಗಾನ ನೋಡಿದವರು ಹಿಂದಿನ ಸಾಲಿನಲ್ಲಿ ಕೂತರೂ ರಂಗಕ್ಕೆ ಬಂದವರು ಯಾರೆಂದು ಭಾಗವತರು ಹೇಳುವ ಮೊದಲೇ ತಿಳಿಯುತ್ತಾರೆ. ಅದನ್ನೂ ಅಳೆದು ನೋಡಬಹುದು. ಕಿರೀಟ ಮುಖ ಎರಡೂ ಸೇರಿ 60 ಸೆಂಟಿಮೀಟರು ಎಂದು ಹಿಡಿಯಿರಿ, ನೋಡುವವ 50 ಮೀಟರ್ ದೂರದಲ್ಲಿದ್ದಾನೆ ಎನ್ನಿ. ಆ ವೇಷದ ತಲೆ ಅವನ ಕಣ್ಣಿಗೆ 0.7 ಡಿಗ್ರಿಯಷ್ಟು ಕಾಣುತ್ತದೆ. 60 ಸೆಂಟಿಮೀಟರು ದೂರದ ಕಂಪ್ಯೂಟರ್ ಪರದೆಯ ಮೇಲೆ ಅದು 7 ಮಿಲಿಮೀಟರಿಗೆ ಸಮ. ಸ್ಟೀಮ್‌ನ ಅತಿ ಸಣ್ಣ ಚಿತ್ರದ ಎತ್ತರ 12 ಮಿಲಿಮೀಟರು! ಎಂದರೆ ನಮ್ಮ ಪ್ರಸಾಧನದ ಕಲೆ ಆ ಪುಟ್ಟ ಚಿತ್ರಕ್ಕಿಂತ ಸಣ್ಣ ಅಳತೆಯಲ್ಲಿ, ಅದೂ ವಿದ್ಯುತ್ ಬರುವ ಮೊದಲು ಪಂಜಿನ ಬೆಳಕಿನಲ್ಲಿ, ಗುರುತು ಸಿಗುವ ಹಾಗೆ ರೂಪುಗೊಂಡದ್ದು. ಕಿರೀಟದ ಅಂಚು ಬೇರೆ, ಮುಂಡಾಸಿನ ಅಂಚು ಬೇರೆ, ಬಣ್ಣದ ವೇಷದ ಅಗಲ ಮುಖ ಬೇರೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟುವ ಹೊತ್ತಿಗೆ ಈ ಕಲೆ ಎಷ್ಟೋ ತಲೆಮಾರುಗಳಿಂದ ಪಳಗಿತ್ತು. ಆಟದ ಚಿತ್ರ ಬರೆಯುವವರು ಆಕಾರದ ಪಾಠಕ್ಕೆ ದೂರ ಹೋಗಬೇಕಿಲ್ಲ.

ಎರಡು ಚಿತ್ರ, ಒಂದು ಸಿಂಗಳೀಕ

ಈಗ ಸಂತೆಗುಳಿಯ ಹುಡುಗಿಯ ಮೇಜಿನ ಬಳಿ ಹೋಗೋಣ. ಅವಳ ಆಟದ ನಾಯಕ ಒಂದು ಸಿಂಗಳೀಕ ಎನ್ನಿ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಬೂದು ಬಣ್ಣದ ಕೇಸರ, ಬಾಲದ ತುದಿಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲದ ಈ ಪ್ರಾಣಿ ಕಾಡಿನಲ್ಲಿ ಉಳಿದಿರುವುದು 4 ಸಾವಿರಕ್ಕೂ ಕಡಿಮೆ ಎಂದು ಅಂದಾಜು. ಶಿರಸಿ ಹೊನ್ನಾವರದ ಕಾಡುಗಳಲ್ಲಿ ಇವುಗಳಿಗೆಂದೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಆಗ ಅದರ ವಿಸ್ತಾರ 299.52 ಚದರ ಕಿಲೋಮೀಟರ್ ಇತ್ತು.

ಹುಡುಗಿ ಎರಡು ಕರಡು ಮಾಡಿದ್ದಾಳೆ. ಮೊದಲನೆಯದರಲ್ಲಿ ಇಡೀ ಕಣಿವೆ ಇದೆ. ಅಘನಾಶಿನಿ ಹೊಳೆ, ಅಡಿಕೆ ತೋಟ, ಹೆಂಚಿನ ಮನೆ, ಘಟ್ಟದ ಮೇಲೆ ಮೋಡ, ಒಂದು ಕೊಂಬೆಯ ಮೇಲೆ ಸಿಂಗಳೀಕ. ಮೇಲೆ ಕೆಂಪು ಅಕ್ಷರದಲ್ಲಿ 'ಅಘನಾಶಿನಿಯ ಸಿಂಗಳೀಕದ ಸಾಹಸಗಳು'. ದೊಡ್ಡ ಪರದೆಯಲ್ಲಿ ನೋಡಿದರೆ ಕಣ್ಣಿಗೆ ಹಬ್ಬ. ಸ್ಟೀಮ್ ಕೇಳುವ ಮುಖ್ಯ ಚಿತ್ರದ ಅಳತೆ 1,232 ಅಗಲ, 706 ಎತ್ತರ. ಅದರಲ್ಲಿ ಸಿಂಗಳೀಕದ ಎತ್ತರ 100 ಚುಕ್ಕಿ, ಕಣ್ಣಿನ ಗುಡ್ಡೆ 10 ಚುಕ್ಕಿ. ಇದನ್ನೇ ಕುಗ್ಗಿಸಿ 120 ಅಗಲಕ್ಕೆ ತಂದರೆ ಎಲ್ಲವೂ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಸಿಂಗಳೀಕ 10 ಚುಕ್ಕಿ, ಕಣ್ಣು ಒಂದೇ ಚುಕ್ಕಿ, ಅಡಿಕೆ ಮರದ ಕಾಂಡ ಮಾಯ.

ಹೆಸರಿನ ಗತಿ ಇನ್ನೂ ಕೆಟ್ಟದ್ದು. 16 ಅಕ್ಷರ, ನಡುವೆ ಎರಡು ತೆರಪು. 120 ಚುಕ್ಕಿಯಲ್ಲಿ ಹಂಚಿದರೆ ಒಂದು ಅಕ್ಷರಕ್ಕೆ ಏಳು ಚುಕ್ಕಿಯೂ ಬರುವುದಿಲ್ಲ. ಕನ್ನಡದಲ್ಲಿ ಪಕಾರ ಷಕಾರಗಳನ್ನು ಬೇರೆ ಮಾಡುವುದು ಹೊಟ್ಟೆಯೊಳಗಿನ ಒಂದು ಪುಟ್ಟ ಗೆರೆ. ಡಕಾರ ಢಕಾರಗಳನ್ನು ಬೇರೆ ಮಾಡುವುದು ಬುಡದ ಸೀಳು. ಏಳು ಚುಕ್ಕಿಯ ಅಕ್ಷರದಲ್ಲಿ ಆ ಗೆರೆಗೂ ಆ ಸೀಳಿಗೂ ಒಂದು ಚುಕ್ಕಿಯ ಪಾಲೂ ಸಿಗದು. ಒತ್ತಕ್ಷರ ಬಂತೆಂದರೆ ಎತ್ತರಕ್ಕೂ ಕುತ್ತು. 'ಸ್ತ್ರೀ' ಎಂಬಂಥ ಅಕ್ಷರ ಮೂರು ಅಂತಸ್ತು ಕೇಳುತ್ತದೆ. ಇರುವ 45 ಚುಕ್ಕಿಯನ್ನು ಹಂಚಿದರೆ ಅಂತಸ್ತಿಗೆ 15.

ಬಣ್ಣವನ್ನೂ ಅಳೆಯಬಹುದು. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನಲ್ಲಿ ಎಷ್ಟು ಅಂತರ ಇದೆ ಎಂದು ಹೇಳುವ ಒಂದು ಅಂತರರಾಷ್ಟ್ರೀಯ ಅಳತೆ ಇದೆ. ಕಪ್ಪಿಗೂ ಬಿಳುಪಿಗೂ 21ಕ್ಕೆ 1, ಅದೇ ಗರಿಷ್ಠ. ಸಣ್ಣ ಅಕ್ಷರ ಓದಲು ಕನಿಷ್ಠ 4.5 ಬೇಕು, ದೊಡ್ಡ ಅಕ್ಷರಕ್ಕೆ 3 ಸಾಕು. ಅಚ್ಚ ಕೆಂಪನ್ನು ಕಡು ಹಸಿರಿನ ಮೇಲಿಟ್ಟರೆ ಬರುವುದು 1.28! ಹುಡುಗಿಗೆ ಕೆಂಪು ಎದ್ದು ಕಂಡದ್ದು ಬಣ್ಣ ಬೇರೆಯಾದ್ದರಿಂದ. ಬೆಳಕಿನ ಲೆಕ್ಕದಲ್ಲಿ ಎರಡೂ ಅಕ್ಕಪಕ್ಕದವು. ಚಿತ್ರ ಕುಗ್ಗಿದಾಗ, ಬಿಸಿಲಲ್ಲಿ ಮೊಬೈಲ್ ಹಿಡಿದಾಗ ಆ ಹೆಸರು ಕಾಡಿನಲ್ಲಿ ಕರಗಿಹೋಗುತ್ತದೆ.

ಎರಡನೆಯ ಕರಡಿನಲ್ಲಿ ಹೊಳೆ ಇಲ್ಲ, ಮನೆ ಇಲ್ಲ. ಚೌಕಟ್ಟಿನ ಎಡ ಅರ್ಧದ ತುಂಬ ಸಿಂಗಳೀಕದ ಮುಖ, ಎರಡು ಕಣ್ಣು, ಸುತ್ತ ಬೆಳ್ಳಿ ಕೇಸರ. ಬಲಕ್ಕೆ ಒಂದೇ ಮಾತು, 'ಸಿಂಗಳೀಕ'. ಬೆಳ್ಳಿ ಬೂದು ಕಪ್ಪಿನ ಮೇಲೆ ಕೂತಾಗ ಅಂತರ 11ಕ್ಕೂ ಹೆಚ್ಚು. ನಾಲ್ಕೇ ಅಕ್ಷರದ ಹೆಸರು, ಒತ್ತು ಒಂದೂ ಇಲ್ಲ. ಅತಿ ಸಣ್ಣ ಅಳತೆಗೆ ಅವಳು ಮುಖವನ್ನೂ ಬದಿಗೆ ಸರಿಸಿ, ಹೆಸರನ್ನೇ ಚೌಕಟ್ಟಿನ ತುಂಬ ಹರಡುತ್ತಾಳೆ. ಆಗ ಒಂದೊಂದು ಅಕ್ಷರಕ್ಕೂ 20 ಚುಕ್ಕಿಗೂ ಹೆಚ್ಚು ಅಗಲ ಸಿಗುತ್ತದೆ. ಸ್ಟೀಮ್ ಕೂಡ ಸಣ್ಣ ಚಿತ್ರದಲ್ಲಿ ಹೆಸರು ಹೆಚ್ಚುಕಡಿಮೆ ಜಾಗವನ್ನೆಲ್ಲ ತುಂಬಿರಲಿ ಎಂದೇ ಹೇಳುತ್ತದೆ. ದೊಡ್ಡದಕ್ಕೆ ಒಂದು ಚಿತ್ರ, ಸಣ್ಣದಕ್ಕೆ ಇನ್ನೊಂದು. ದೊಡ್ಡದನ್ನು ಕುಗ್ಗಿಸಿ ಸಣ್ಣದು ಮಾಡಬಾರದು.

ಮೊದಲ ಚಿತ್ರದಲ್ಲಿ ಶ್ರಮ ಹೆಚ್ಚು, ಪ್ರೀತಿಯೂ ಹೆಚ್ಚು. ಆದರೂ ಎರಡನೆಯದೇ ಗೆಲ್ಲಬೇಕು. ಕಣಿವೆಯ ಚಿತ್ರ ವ್ಯರ್ಥವಾಗುವುದಿಲ್ಲ, ಅದು ಕಪಾಟಿನ 47 ಲಕ್ಷ ಚುಕ್ಕಿಯ ಗೋಡೆಗೆ ಹೇಳಿ ಮಾಡಿಸಿದ್ದು.

80ರೊಳಗೆ ಒಂದು ಕತೆ

ಚಿತ್ರದ ಮೇಲೆ ಬೆರಳು ಬಿತ್ತು. ಇನ್ನು ಮಾತಿನ ಸರದಿ. ಗೂಗಲ್ ಪ್ಲೇಯಲ್ಲಿ ಆಟದ ಹೆಸರಿಗೆ 30 ಅಕ್ಷರ, ಕಿರು ವಿವರಣೆಗೆ 80, ದೊಡ್ಡ ವಿವರಣೆಗೆ 4,000. ಸ್ಟೀಮ್‌ನ ಕಿರು ವಿವರಣೆಗೆ ಸುಮಾರು 300.

ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ನಾವು ಎಣಿಸುವ ಅಕ್ಷರ ಬೇರೆ, ಕಂಪ್ಯೂಟರಿನಲ್ಲಿ ಅಕ್ಷರ ದಾಖಲಿಸುವ ಯುನಿಕೋಡ್ ಪದ್ಧತಿ ಎಣಿಸುವುದು ಬೇರೆ. 'ಸಂತೆಗುಳಿ' ನಮಗೆ ನಾಲ್ಕು ಅಕ್ಷರ. ಯುನಿಕೋಡಿಗೆ ಸಕಾರ ಒಂದು, ಸೊನ್ನೆ ಒಂದು, ತಕಾರ ಒಂದು, ಎತ್ವ ಒಂದು, ಹೀಗೆ ಎಂಟು. 'ಸ್ತ್ರೀ' ನಮಗೆ ಒಂದು, ಯುನಿಕೋಡಿಗೆ ಆರು. ಆ ಲೆಕ್ಕ ಹಿಡಿದರೆ 80ರಲ್ಲಿ ನಮಗೆ ದಕ್ಕುವುದು 35ರಿಂದ 40 ಅಕ್ಷರ. ಕಡಿಮೆಯಾಯಿತು ಎನ್ನುವವರು ಹಳೆಯ ಕವಿಗಳನ್ನು ನೆನೆಯಬೇಕು. ಉತ್ಪಲಮಾಲೆಯ ಒಂದು ಸಾಲಿಗೆ 20 ಅಕ್ಷರ, ಚಂಪಕಮಾಲೆಗೆ 21. ಪಂಪ ರನ್ನರು ಅಂಥ ನಾಲ್ಕೇ ಸಾಲಿನಲ್ಲಿ ಯುದ್ಧವನ್ನೂ ಅಳಲನ್ನೂ ಮುಗಿಸಿದವರು. ಅವರ ಅರ್ಧ ಪದ್ಯದಷ್ಟು ಜಾಗ ನಮಗಿದೆ.

ಕಿರು ವಿವರಣೆಗೆ ಹುಡುಗಿ ಬರೆದ ಎರಡು ಕರಡು ಹೀಗಿವೆ. ಮೊದಲನೆಯದು: "ಅದ್ಭುತ ಗ್ರಾಫಿಕ್ಸ್ ಮತ್ತು ರೋಮಾಂಚಕ ಸಾಹಸಗಳಿಂದ ಕೂಡಿದ, ಎಲ್ಲರೂ ಆಡಲೇಬೇಕಾದ ವಿಶಿಷ್ಟ ಆಟ." ಯುನಿಕೋಡ್ ಲೆಕ್ಕದಲ್ಲಿ ತೆರಪು, ಚಿಹ್ನೆ ಎಲ್ಲ ಸೇರಿ 77. ಎರಡನೆಯದು: "ನೀನೊಂದು ಸಿಂಗಳೀಕ. ನೆಲ ಮುಟ್ಟದೆ, ಮರದಿಂದ ಮರಕ್ಕೆ ಜಿಗಿದು, ಮಳೆಗೆ ಮುನ್ನ ಮರಿಯನ್ನು ಹುಡುಕು." ಸರಿಯಾಗಿ 80.

ಉದ್ದದಲ್ಲಿ ಎರಡಕ್ಕೂ ಮೂರರಷ್ಟೇ ವ್ಯತ್ಯಾಸ. ಒಳಗಿರುವುದನ್ನು ತೂಗಿ ನೋಡಿ. ಮೊದಲನೆಯ ಸಾಲನ್ನು ಆ ವರ್ಷದ 18 ಸಾವಿರ ಆಟಗಳಲ್ಲಿ ಯಾವುದರ ಮೇಲೆ ಬೇಕಾದರೂ ಅಂಟಿಸಬಹುದು. ಎಲ್ಲಕ್ಕೂ ಒಪ್ಪುವ ಮಾತು ಯಾವುದರ ಬಗ್ಗೆಯೂ ಏನೂ ಹೇಳಿದಂತಾಗಲಿಲ್ಲ. ಎರಡನೆಯದರಲ್ಲಿ ನಾನು ಯಾರು, ಏನು ಮಾಡಬೇಕು, ಏನು ಮಾಡಬಾರದು, ಎಷ್ಟು ಹೊತ್ತಿದೆ, ಯಾರಿಗಾಗಿ ಎಂಬ ಐದು ಪ್ರಶ್ನೆಗೆ 11 ಪದಗಳಲ್ಲಿ ಉತ್ತರ ಇದೆ. ವಿಶೇಷಣ ಒಂದೂ ಇಲ್ಲ. ಕ್ರಿಯಾಪದಗಳು ಇವೆ. ಆಟ ಎಂದರೆ ಮಾಡುವುದು, ಆದ್ದರಿಂದ ಅದರ ವಿವರಣೆ ಕ್ರಿಯಾಪದದ ಮೇಲೆಯೇ ನಿಲ್ಲಬೇಕು. ಕಿರು ವಿವರಣೆಯನ್ನು ಪರೀಕ್ಷಿಸಲು ನನಗೆ ಗೊತ್ತಿರುವ ಉತ್ತಮ ದಾರಿ ಒಂದೇ: ಅದನ್ನು ಬೇರೆ ಆಟದ ಮೇಲೆ ಇಟ್ಟು ನೋಡಿ. ಅಲ್ಲೂ ಕೂತರೆ ಅಳಿಸಿ ಮತ್ತೆ ಬರೆಯಿರಿ.

ಚೆನ್ನಾಗಿದೆ ಎಂದವರು ಎಷ್ಟು ಜನ?

ಯಾವ ಚಿತ್ರ ಮೇಲು ಎಂದು ತೀರ್ಮಾನಿಸುವವರು ಯಾರು? ಸಾಮಾನ್ಯವಾಗಿ ಮನೆಯವರು, ಹತ್ತು ಗೆಳೆಯರು. ಇಲ್ಲಿಯೂ ಲೆಕ್ಕ ಕಣ್ಣು ತೆರೆಸುತ್ತದೆ. ಮೊದಲ ಚಿತ್ರ ಕಂಡ 100 ಜನರಲ್ಲಿ ಇಬ್ಬರು ಒತ್ತುತ್ತಾರೆ, ಎರಡನೆಯದನ್ನು ಕಂಡವರಲ್ಲಿ ನಾಲ್ವರು ಎಂದು ಲೆಕ್ಕಕ್ಕೆ ಹಿಡಿಯೋಣ. ಲಕ್ಷ ಜನ ಕಂಡರೆ ಒಂದು ಕಡೆ 2 ಸಾವಿರ, ಇನ್ನೊಂದು ಕಡೆ 4 ಸಾವಿರ. ಆಟ ಅದೇ, ದುಡಿಮೆ ಅದೇ, ಗಿರಾಕಿ ದುಪ್ಪಟ್ಟು. ಆದರೆ 20 ಗೆಳೆಯರಿಗೆ ತೋರಿಸಿದರೆ ಈ ವ್ಯತ್ಯಾಸ ಅರ್ಧ ಮನುಷ್ಯನಷ್ಟೂ ಆಗುವುದಿಲ್ಲ! 100ಕ್ಕೆ 95ರ ಭರವಸೆ ಬೇಕು, ಇರುವ ವ್ಯತ್ಯಾಸ 100ರಲ್ಲಿ 80 ಸಲ ಪತ್ತೆಯಾಗಬೇಕು ಎಂಬ ವಾಡಿಕೆಯ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಒಂದೊಂದು ಚಿತ್ರವನ್ನೂ 1,140ರಷ್ಟು ಜನ ನೋಡಬೇಕು. ವ್ಯತ್ಯಾಸ ಇನ್ನೂ ಸಣ್ಣದಾಗಿ, 2ಕ್ಕೂ 2.5ಕ್ಕೂ ನಡುವಿನದ್ದಾದರೆ ಒಂದೊಂದಕ್ಕೆ 13,800, ಎರಡಕ್ಕೂ ಸೇರಿ 27,600. ಕುಮಟಾ ತಾಲ್ಲೂಕಿನ ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. ಅದರ ಐದನೇ ಒಂದು ಪಾಲಿನ ಹತ್ತಿರದಷ್ಟು ಜನ ನೋಡಿದ ಮೇಲೆ ಅರ್ಧ ಪರ್ಸೆಂಟಿನ ಸತ್ಯ ಗೊತ್ತಾಗುತ್ತದೆ.

ಅಷ್ಟು ಜನರನ್ನು ಎಲ್ಲಿಂದ ತರುವುದು ಎಂದು ಕೈಚೆಲ್ಲಬೇಕಿಲ್ಲ. ಗೂಗಲ್ ಪ್ಲೇ 2015ರಿಂದಲೇ ಅಂಗಡಿಯ ಪುಟದಲ್ಲಿ ಇಂಥ ಪ್ರಯೋಗಕ್ಕೆ ಅವಕಾಶ ಕೊಟ್ಟಿದೆ. ಬಂದವರಲ್ಲಿ ಕೆಲವರಿಗೆ ಒಂದು ಚಿತ್ರ, ಕೆಲವರಿಗೆ ಇನ್ನೊಂದು ತೋರಿಸಿ ಅದೇ ಎಣಿಸಿಕೊಡುತ್ತದೆ. ಈಗಿರುವುದರ ಜೊತೆ ಮೂರು ಬೇರೆ ರೂಪಗಳನ್ನು ಒಟ್ಟಿಗೆ ಪರೀಕ್ಷೆಗೆ ಇಡಬಹುದು.

ಗೆಳೆಯರು ಬೇಡವೇ ಬೇಡ ಎಂದಲ್ಲ. ಅವರಿಗೆ ಬೇರೆ ಪ್ರಶ್ನೆ ಕೇಳಬೇಕು. "ಚೆನ್ನಾಗಿದೆಯಾ?" ಎಂದರೆ ನಮ್ಮ ಕಡೆ ಯಾರೂ ಇಲ್ಲ ಎನ್ನುವುದಿಲ್ಲ. ಚಿತ್ರವನ್ನು ಒಂದು ಸೆಕೆಂಡು ತೋರಿಸಿ, ಮೊಬೈಲ್ ಮಗುಚಿಟ್ಟು, "ಏನು ಕಂಡಿತು? ಅದರಲ್ಲಿ ಏನು ಮಾಡಬೇಕು ಅನಿಸಿತು?" ಎಂದು ಕೇಳಬೇಕು. ಐವರಲ್ಲಿ ನಾಲ್ವರು "ಮಂಗ" ಎಂದರೆ ದಾರಿ ಸರಿ ಇದೆ. ನಾಲ್ವರು "ಏನೋ ಕಾಡು" ಎಂದರೆ ಸಂಖ್ಯಾಶಾಸ್ತ್ರಕ್ಕೆ ಕಾಯಬೇಕಾಗಿಲ್ಲ, ಚಿತ್ರ ಸೋತಿದೆ.

ಸುಳ್ಳಿಗೆ ಎರಡು ಗಂಟೆ ಆಯುಷ್ಯ

ಇಷ್ಟು ಜನಸಂದಣಿಯಲ್ಲಿ ಕೂಗಿ ಕರೆಯೋಣ ಎಂಬ ಆಸೆ ಹುಟ್ಟುತ್ತದೆ. ಅದಕ್ಕೂ ಅಂಗಡಿಗಳು ಗೆರೆ ಎಳೆದಿವೆ. 2021ರಲ್ಲಿ ಗೂಗಲ್ ಪ್ಲೇ ಹೆಸರಿನ ಮಿತಿಯನ್ನು 50ರಿಂದ 30ಕ್ಕೆ ಇಳಿಸಿ, 'ಬೆಸ್ಟ್', 'ನಂಬರ್ ಒನ್', 'ಫ್ರೀ' ಎಂಬಂಥ ಮಾತುಗಳನ್ನು ಹೆಸರಿನಿಂದಲೂ ಐಕಾನಿನಿಂದಲೂ ಹೊರಗಿಟ್ಟಿತು. 2022ರ ಸೆಪ್ಟೆಂಬರ್ 1ರಿಂದ ಸ್ಟೀಮ್ ತನ್ನ ಚಿತ್ರಗಳಲ್ಲಿ ಆಟದ ಕಲೆ, ಹೆಸರು, ಉಪಶೀರ್ಷಿಕೆ ಮೂರನ್ನು ಬಿಟ್ಟು ವಿಮರ್ಶೆಯ ಅಂಕ, ಪ್ರಶಸ್ತಿಯ ಗುರುತು, ರಿಯಾಯಿತಿಯ ಪಟ್ಟಿ ಯಾವುದೂ ಬೇಡ ಎಂದಿತು. ಇದು ಸಣ್ಣವರ ಪಾಲಿಗೆ ಒಳ್ಳೆಯದೇ ಆಯಿತು. ದೊಡ್ಡ ಕಂಪನಿಯ 10 ಪ್ರಶಸ್ತಿಗಳೂ ಆ 5,400 ಚುಕ್ಕಿಯೊಳಗೆ ಬರುವಂತಿಲ್ಲ.

ಕಣ್ಣು ಕಟ್ಟುವ ಚಿತ್ರ ಹಾಕಿ ಒಳಗೆ ಬೇರೇನೋ ಕೊಟ್ಟರೆ? ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ, ಸ್ಟೀಮ್ ಹಣ ಮರಳಿಸುತ್ತದೆ. ಸುಳ್ಳು ಚಿತ್ರದ ಆಯುಷ್ಯ ಹೆಚ್ಚೆಂದರೆ ಎರಡು ಗಂಟೆ. ಅದು ಬಿಟ್ಟುಹೋಗುವ ಕೆಟ್ಟ ವಿಮರ್ಶೆ ಮಾತ್ರ ಆಟ ಇರುವವರೆಗೂ ಇರುತ್ತದೆ. ಚಿತ್ರ ಜೋರಾಗಿರಲಿ, ಆದರೆ ಒಳಗೆ ಇರುವುದನ್ನೇ ಹೇಳಲಿ.

ನಮ್ಮ ಹೆಸರು ನಮಗೆ ಭಾರವಲ್ಲ

ನಮ್ಮೂರಿನ ಕತೆ, ನಮ್ಮ ಪ್ರಾಣಿ, ನಮ್ಮ ಹೆಸರು ಇಟ್ಟರೆ ಹೊರಗಿನವರಿಗೆ ತಿಳಿಯುತ್ತದೆಯೇ ಎಂಬ ಅಳುಕು ಸಹಜ. ಇಡ್ಲಿ ಬೇಯಿಸುವುದರಿಂದ ಶುರುವಾಗುವ ತಮಿಳು ಮನೆಯೊಂದರ ಆಟ 'ವೆಣ್ಬಾ'. ಟೊರಾಂಟೊದ ಪುಟ್ಟ ತಂಡ ಅದನ್ನು 2023ರ ಜುಲೈನಲ್ಲಿ ಹೊರತಂದಿತು. ತಮಿಳು ಹೆಸರನ್ನು ಬದಲಿಸಲಿಲ್ಲ, ಅಡುಗೆಮನೆಯನ್ನೂ ಅಡಗಿಸಲಿಲ್ಲ. 2024ರಲ್ಲಿ ಇಂಡೀ ಆಟಗಳ ಉತ್ಸವದ ಮಹಾಪ್ರಶಸ್ತಿಯೂ ಬ್ರಿಟನ್ನಿನ ಬಾಫ್ಟಾದ ಚೊಚ್ಚಲ ಆಟದ ಪ್ರಶಸ್ತಿಯೂ ಅದಕ್ಕೆ ಬಂದವು. ಪುಣೆಯ ತಂಡವೊಂದು ಪಹಾಡಿ ಚಿತ್ರಶೈಲಿಯನ್ನು ಬಳಸಿ 'ರಾಜಿ' ಎಂಬ ಆಟವನ್ನು 2020ರಲ್ಲಿ ಲೋಕಕ್ಕೆ ಕೊಟ್ಟಿತು. ಒಬ್ಬನೇ ಕೂತು ನಾಲ್ಕು ವರ್ಷಕ್ಕೂ ಮೀರಿ ದುಡಿದ ಎರಿಕ್ ಬರೋನ್‌ನ 'ಸ್ಟಾರ್‌ಡ್ಯೂ ವ್ಯಾಲಿ' 2016ರಲ್ಲಿ ಬಂತು, 2024ರ ಕೊನೆಯ ಹೊತ್ತಿಗೆ 4 ಕೋಟಿ 10 ಲಕ್ಷ ಪ್ರತಿ ಮಾರಿತ್ತು. ಹಳ್ಳಿಯೊಂದರ ಹೊಲ ಗದ್ದೆಯ ಆಟ ಅದು. ಅದನ್ನು ಕೊಂಡವರ ಲೆಕ್ಕವೂ ಕನ್ನಡಿಗರ ಸಂಖ್ಯೆಯ ಸಮೀಪಕ್ಕೆ ಬಂದಿದೆ.

ಕರ್ನಾಟಕಕ್ಕೆ ಕೈಯ ಕಸುಬು ಇಲ್ಲವೆಂದಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ವರ್ಷಗಟ್ಟಲೆ ಚಿತ್ರಕಲೆ ಒದಗಿಸಿತು. 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡಿತು. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದು ರಾಜ್ಯ ಸರ್ಕಾರ 2012ರಲ್ಲೇ ನೀತಿ ರೂಪಿಸಿತ್ತು, 2024ರಿಂದ 2029ರವರೆಗಿನ ಹೊಸ ನೀತಿ ಈಗ ಜಾರಿಯಲ್ಲಿದೆ. ಇಷ್ಟಾದರೂ ನಮ್ಮ ಕಲಾವಿದರ ಕೈ ಹೆಚ್ಚಾಗಿ ದುಡಿದದ್ದು ಬೇರೆಯವರ ಆಟಗಳಿಗೆ. ಈಗ ಸ್ಟೀಮ್ ಆಟದ ಭಾಷೆ ಗುರುತಿಸುವ 100ಕ್ಕೂ ಹೆಚ್ಚು ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಗೂಗಲ್ ಪ್ಲೇಯ ಪುಟವನ್ನು ಕನ್ನಡದಲ್ಲೇ ಬರೆಯಬಹುದು. ಆ 80ರ ಜಾಗದಲ್ಲಿ ಒಳ್ಳೆಯ ಕನ್ನಡ ಸಾಲು ಕೂರಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಆಟ ಕಟ್ಟುತ್ತಿರುವ ಮಕ್ಕಳು ಈಗ ಹೊನ್ನಾವರದಲ್ಲೂ ಇದ್ದಾರು, ಭಟ್ಕಳದಲ್ಲೂ ಇದ್ದಾರು, ನಿಮ್ಮ ಪಕ್ಕದ ಮನೆಯಲ್ಲೂ ಇದ್ದಾರು. ಅವರು ತಮ್ಮ ಆಟದ ಚಿತ್ರ ತೋರಿಸಲು ಬಂದಾಗ ಚೆನ್ನಾಗಿದೆ ಎಂದು ಬೆನ್ನು ತಟ್ಟಿ ಕಳಿಸಬೇಡಿ. ಹೆಬ್ಬೆರಳಿನಷ್ಟು ಸಣ್ಣದು ಮಾಡಿಸಿ, ಕೈ ಚಾಚಿ ಹಿಡಿದು ನೋಡಿ. ನಿಮಗೆ ಏನು ಕಂಡಿತೋ ಅದನ್ನು ಒಂದೇ ಮಾತಿನಲ್ಲಿ, ಕಂಡ ಹಾಗೆಯೇ ಹೇಳಿ. ಏನೂ ಕಾಣದಿದ್ದರೆ ಅದನ್ನೂ ಹೇಳಿ. ಮೂರು ವರ್ಷದ ಅವರ ದುಡಿಮೆಗೆ ನೀವು ಕೊಡಬಹುದಾದ ದೊಡ್ಡ ನೆರವು ಆ ಒಂದು ಮಾತು.